ಕೋವಿ ಹೊಸದು, ದೂರು ಕೇಳುವವರು ಯಾರು?

ಇವತ್ತು ಕೋವಿಯ ಮಾತು. ಶಿಕಾರಿ ಕತೆಯಲ್ಲ. ದುಡ್ಡು ಕೊಟ್ಟು ತಂದ ಹೊಸ ಕೋವಿಯಲ್ಲಿ ದೋಷವಿದ್ದು, ಮಾರಿದವರಾಗಲಿ ತಯಾರಿಸಿದವರಾಗಲಿ ಕಿವಿಗೊಡದೇ ಹೋದರೆ ಕೊಂಡವರ ಗತಿ ಏನು ಎನ್ನುವ ಮಾತು. ಕೊಡಗು, ಚಿಕ್ಕಮಗಳೂರು, ಶಿವಮೊಗ್ಗ, ದಕ್ಷಿಣ ಕನ್ನಡದ ಕಡೆ ಇದನ್ನು ಕೇಳುತ್ತಿರುವ ಅನೇಕರ ಮನೆಯಲ್ಲಿ ಕೋವಿ ಇದ್ದೀತು. ಹಂದಿ, ಮಂಗಗಳನ್ನು ಬೆದರಿಸಿ ಓಡಿಸುವುದಕ್ಕೆ ಇಟ್ಟುಕೊಂಡದ್ದು, ಇಲ್ಲವೇ ಹಿರಿಯರಿಂದ ಬಂದದ್ದು.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು 12 ಬೋರಿನ ತೋಟಾ ಕೋವಿ. ಅದರ ನಳಿಗೆಯೊಳಗೆ ಸರಿಯಾಗಿ ಕೂರುವಷ್ಟು ದಪ್ಪದ ಸೀಸದ ಗುಂಡು ಎರಕ ಹೊಯ್ದರೆ ಒಂದು ಪೌಂಡಿಗೆ ಹನ್ನೆರಡು ಗುಂಡು ಬರುತ್ತವೆ. ಅದಕ್ಕೇ ಆ ಲೆಕ್ಕ. ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಈಡು ಹಾರುವ ಕ್ಷಣದಲ್ಲಿ ತೋಟಾ ಕೂತ ಜಾಗದ, ಅಂದರೆ ಚೇಂಬರಿನ, ಒತ್ತಡ ಕಾರಿನ ಟೈರಿನ ಒತ್ತಡದ ಇನ್ನೂರು ಪಟ್ಟನ್ನೂ ಮೀರುತ್ತದೆ. ತೋಟಾದ ಪ್ಲಾಸ್ಟಿಕ್ ಕೊಳವೆ ಮತ್ತು ಅದರ ಬುಡದ ಲೋಹ ಎರಡೂ ಆಗ ಹಿಗ್ಗಿ, ಚೇಂಬರಿನ ಗೋಡೆಗೆ ಒತ್ತಿ ನಿಲ್ಲುತ್ತವೆ. ಬಿಸಿ ಅನಿಲ ಹಿಂದಕ್ಕೆ ನುಗ್ಗಿ ಕೋವಿ ಹಿಡಿದವರ ಮುಖಕ್ಕೆ ಬಡಿಯದಂತೆ ತಡೆಯುವುದು ಈ ಹಿಗ್ಗುವಿಕೆಯೇ. ಒತ್ತಡ ಇಳಿದ ಕೂಡಲೇ ಅವು ಮತ್ತೆ ಕುಗ್ಗಬೇಕು, ಖಾಲಿ ತೋಟಾ ಸಲೀಸಾಗಿ ಹೊರಬರಬೇಕು. ಬುಡ ಹಿತ್ತಾಳೆಯದಾದರೆ ಚೆನ್ನಾಗಿ ಕುಗ್ಗುತ್ತದೆ. ಅಗ್ಗದ ತೋಟಾಗಳ ಉಕ್ಕಿನ ಬುಡ ಅಷ್ಟು ಕುಗ್ಗುವುದಿಲ್ಲ.

ಕಾರ್ಖಾನೆಯಲ್ಲಿ ಚೇಂಬರನ್ನು ಕೊರೆದವರು ನಯ ಮಾಡದೆ ಬಿಟ್ಟರು ಎನ್ನಿ. ಕೊರೆಯುವ ಉಪಕರಣದ ಗೀರುಗಳು ಒಳಗೆ ಉಂಗುರ ಉಂಗುರವಾಗಿ ಉಳಿದುಬಿಡುತ್ತವೆ. ಹಿಗ್ಗಿದ ತೋಟಾ ಆ ಗೀರುಗಳನ್ನು ಕಚ್ಚಿಕೊಳ್ಳುತ್ತದೆ. ಎರಡನೆಯ ಈಡಿಗೆಂದು ಎಳೆದರೆ ಅಲುಗುವುದಿಲ್ಲ. ಹೊರಗಿನಿಂದ ನೋಡಿದರೆ ಕೋವಿ ಥಳಥಳ ಹೊಳೆಯುತ್ತಿರುತ್ತದೆ. ದೋಷ ಇರುವುದು ಕೂದಲೆಳೆಗಿಂತ ಸಣ್ಣ ಗೀರಿನಲ್ಲಿ.

ಅಮೆರಿಕದ ರೆಮಿಂಗ್ಟನ್ ಕಂಪನಿಯ 870 ಎಂಬ ಕೋವಿಯ ಮೇಲೆ ವರ್ಷಗಟ್ಟಲೆ ಕೇಳಿಬಂದದ್ದು ಇದೇ ದೂರು. ಅದು ಪಂಪ್ ಆಕ್ಷನ್ ಕೋವಿ. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದರೆ ಖಾಲಿ ತೋಟಾ ಹೊರಕ್ಕೆ, ಮುಂದೆ ತಳ್ಳಿದರೆ ಹೊಸದು ಒಳಕ್ಕೆ. 1950ರಲ್ಲಿ ಮಾರುಕಟ್ಟೆಗೆ ಬಂತು. 2009ರ ಹೊತ್ತಿಗೆ ಒಂದು ಕೋಟಿ ಕೋವಿಗಳು ತಯಾರಾಗಿದ್ದವು. ಅದರ ಹಳೆಯ ಮಾದರಿಗಳು ಇವತ್ತಿಗೂ ಕೆಲಸ ಮಾಡುತ್ತಿವೆ. 1987ರಲ್ಲಿ ಎಕ್ಸ್‌ಪ್ರೆಸ್ ಎಂಬ ಅಗ್ಗದ ಮಾದರಿ ಬಂತು. ನುಣುಪಾಗಿ ಉಜ್ಜಿ ಹೊಳಪು ಕೊಡುವ ಬದಲು ಉಕ್ಕಿನ ಮೈಯನ್ನು ಒರಟಾಗಿಯೇ ಬಿಟ್ಟು ಕಪ್ಪು ಮಾಡಿದರು. ಈ ಕಪ್ಪು ಬಣ್ಣವಲ್ಲ, ಕಬ್ಬಿಣದ್ದೇ ಒಂದು ಆಕ್ಸೈಡ್ ಪದರ. ಎಣ್ಣೆ ಹಿಡಿದಿಟ್ಟುಕೊಂಡಷ್ಟು ದಿನ ಕಾಪಾಡುತ್ತದೆ, ಅಷ್ಟೇ. ಒರಟು ಮೈಯಲ್ಲಿ ಪಸೆ ನಿಲ್ಲುತ್ತದೆ, ತುಕ್ಕು ಬೇಗ ಹಿಡಿಯುತ್ತದೆ. ಮಡಿಕೇರಿಯ ಆಟಿ ತಿಂಗಳ ಮಳೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2007ರಲ್ಲಿ ರೆಮಿಂಗ್ಟನ್ ಕಂಪನಿ ಸರ್ಬರಸ್ ಎಂಬ ಹೂಡಿಕೆ ಸಂಸ್ಥೆಯ ಪಾಲಾಯಿತು. ಚೇಂಬರ್ ಒರಟು, ತೋಟಾ ಸಿಕ್ಕಿಕೊಳ್ಳುತ್ತದೆ, ಡಬ್ಬ ಬಿಚ್ಚುವಾಗಲೇ ತುಕ್ಕು ಎಂಬ ದೂರುಗಳು ಆಮೇಲೆ ಜೋರಾದವು. 2018ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಕಂಪನಿ ದಿವಾಳಿ ನ್ಯಾಯಾಲಯದ ಮೆಟ್ಟಿಲೇರಿತು. ಆಸ್ತಿಯನ್ನು ತುಂಡು ತುಂಡಾಗಿ ಮಾರಿದರು. ಕೋವಿ ತಯಾರಿಕೆಯನ್ನು ಕೊಂಡ ಹೊಸ ಸಂಸ್ಥೆ, ಹಳೆಯ ಕಂಪನಿ ಮಾಡಿದ ಕೋವಿಗಳ ವಾರಂಟಿ ತನ್ನ ಹೊಣೆಯಲ್ಲ ಎಂದಿತು. ದಿವಾಳಿಗೆ ಸ್ವಲ್ಪ ಮುಂಚೆ ಕೊಂಡವನ ಕೈಯಲ್ಲಿ ಹೊಸ ಕೋವಿಯಿತ್ತು, ವಾರಂಟಿ ಕಾಗದವೂ ಇತ್ತು, ಆ ಕಾಗದಕ್ಕೆ ಉತ್ತರ ಕೊಡುವ ಕಂಪನಿ ಮಾತ್ರ ಇರಲಿಲ್ಲ. ನನಗೆ ಬಹಳ ನೋವಿನದಾಗಿ ಕಾಣುವುದು ಈ ಭಾಗ. 1816ರಿಂದ ನಡೆದುಬಂದ ಹೆಸರನ್ನು ನಂಬಿ ಜನ ದುಡ್ಡು ಕೊಟ್ಟಿದ್ದರು. ಹರಾಜಿನಲ್ಲಿ ಹೆಸರು ಉಳಿಯಿತು, ಹೊಣೆ ಕಳಚಿಹೋಯಿತು.

ಅಲ್ಲಿ ಸರಕಾರ ಏನು ಮಾಡುತ್ತಿತ್ತು ಎಂದು ಕೇಳಬಹುದು. ಅಮೆರಿಕದಲ್ಲಿ 1972ರ ಕಾನೂನಿನಡಿ ಗ್ರಾಹಕ ವಸ್ತುಗಳ ಸುರಕ್ಷತೆಗೆಂದೇ ಒಂದು ಆಯೋಗ ಹುಟ್ಟಿತು. ಮಕ್ಕಳ ಆಟಿಕೆ, ಏಣಿ, ಬ್ರೆಡ್ ಸುಡುವ ಯಂತ್ರ, ಯಾವುದರಲ್ಲಿ ಅಪಾಯ ಕಂಡರೂ ಮಾರುಕಟ್ಟೆಯಿಂದ ಹಿಂದಕ್ಕೆ ತರಿಸುವ ಅಧಿಕಾರ ಅದಕ್ಕಿದೆ. ಆದರೆ ಕೋವಿಯನ್ನೂ ತೋಟಾವನ್ನೂ ಅದರ ವ್ಯಾಪ್ತಿಯಿಂದ ಹೊರಗಿಟ್ಟರು. ಕೋವಿ ಇಟ್ಟುಕೊಳ್ಳುವ ಹಕ್ಕಿಗೆ ಧಕ್ಕೆ ಬರುತ್ತದೆಂಬ ಭಯ ಅದಕ್ಕೆ ಕಾರಣ. ಹೀಗಾಗಿ ಆಟಿಕೆ ಪಿಸ್ತೂಲಿಗೆ ಅಲ್ಲಿ ಸುರಕ್ಷತಾ ನಿಯಮವಿದೆ, ನಿಜವಾದ ಕೋವಿಗಿಲ್ಲ. ಕಂಪನಿ ತಾನಾಗಿ ವಾಪಸು ಕರೆದರೆ ಉಂಟು, ಇಲ್ಲವಾದರೆ ಕೊಂಡವರು ನ್ಯಾಯಾಲಯಕ್ಕೆ ಹೋಗಬೇಕು. 1990ರ ದಶಕದಲ್ಲಿ ಇದೇ ರೆಮಿಂಗ್ಟನ್‌ನ ಕೆಲವು 12 ಬೋರ್ ನಳಿಗೆಗಳ ಉಕ್ಕು ಸಾಲದು, ಸಿಡಿಯುತ್ತವೆ ಎಂದು ಸಾಮೂಹಿಕ ದಾವೆ ಹೂಡಿದಾಗ ಹಣ ಕೊಟ್ಟು ರಾಜಿಯಾಯಿತು. ಕೋವಿ ತನ್ನದೆಂದು ಜೋಪಾನ ಮಾಡುವವನ ಹಕ್ಕೇ ಅಲ್ಲಿ ಬಡವಾದದ್ದು. ಆ ವಿನಾಯಿತಿ ತಯಾರಕರನ್ನು ಕಾಪಾಡಿತೇ ಹೊರತು ಕೊಂಡವರನ್ನಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಹೊರದೇಶದ ಕೋವಿ ತರಿಸುವುದಕ್ಕೆ 1980ರ ದಶಕದಿಂದ ಬಿಗಿಯಾದ ನಿರ್ಬಂಧವಿದೆ. ಹೊಸದು ಬೇಕೆಂದರೆ ಸರಕಾರಿ ಕಾರ್ಖಾನೆಗಳದ್ದು, ಬಿಹಾರದ ಮುಂಗೇರಿನದ್ದು, ಇಲ್ಲವೇ ಬೇರೆ ಕೆಲವು ಖಾಸಗಿ ತಯಾರಕರದ್ದು. ಮುಂಗೇರಿಗೆ ಮೀರ್ ಖಾಸಿಂ ರಾಜಧಾನಿಯನ್ನು ಒಯ್ದ ಕಾಲದಿಂದ ಕೋವಿಯ ಕಸುಬುಂಟು. ಆಯ್ಕೆ ಇಷ್ಟು ಕಡಿಮೆ ಇರುವಾಗ ಕೊಳ್ಳುವವರ ದನಿ ಸಹಜವಾಗಿಯೇ ಸಣ್ಣದಾಗುತ್ತದೆ. ಅದರ ಮೇಲೆ ಇನ್ನೊಂದು ತೊಡಕು. ಕೋವಿಯ ನಂಬರು ಲೈಸೆನ್ಸ್ ಪುಸ್ತಕದಲ್ಲಿ, ಅಂಗಡಿಯ ರಿಜಿಸ್ಟರಿನಲ್ಲಿ ಏರಿತೆಂದರೆ, ಸರಿಯಿಲ್ಲವೆಂದು ಮರುದಿನ ಅಂಗಡಿಯ ಮೇಜಿನ ಮೇಲಿಟ್ಟು ಬರುವಂತಿಲ್ಲ. ಲೈಸೆನ್ಸಿನಿಂದ ವಿನಾಯಿತಿ ಪಡೆದ ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ವಿನಾಯಿತಿ ಪತ್ರದ ವ್ಯವಹಾರ ಇದ್ದೇ ಇದೆ.

ಆದ್ದರಿಂದ ನೋಡುವುದನ್ನೆಲ್ಲ ನಂಬರು ಏರುವ ಮುಂಚೆಯೇ ನೋಡಬೇಕು. ಅವಸರ ಮಾಡುವ ಅಂಗಡಿಯಾದರೆ ಎದ್ದು ಬನ್ನಿ. ಮೊದಲು ಕೋವಿ ಖಾಲಿಯಿದೆಯೆಂದು ಖಚಿತ ಮಾಡಿಕೊಳ್ಳಿ. ನಳಿಗೆ ಕಳಚಿಸಿ, ಕಿಟಕಿಯ ಬೆಳಕಿಗೆ ಹಿಡಿದು ಒಳಗೆ ನೋಡಿ. ಬೆಳಕು ಒಂದರೊಳಗೊಂದು ದುಂಡನೆಯ ಉಂಗುರಗಳಾಗಿ ಕಾಣಬೇಕು. ಉಂಗುರ ಎಲ್ಲಾದರೂ ಸೊಟ್ಟಗಾದರೆ ಅಲ್ಲಿ ತಗ್ಗೋ ಉಬ್ಬೋ ಇದೆ. ಜೋಡು ನಳಿಗೆಯದಾದರೆ ಮತ್ತೆ ಜೋಡಿಸಿ ಮುಚ್ಚಿ, ಬೆಳಕಿಗೆ ಅಡ್ಡ ಹಿಡಿದು, ನಳಿಗೆಯ ಬುಡಕ್ಕೂ ಹಿಂಬದಿಯ ಉಕ್ಕಿಗೂ ನಡುವೆ ಸಂದು ಕಾಣುತ್ತದೆಯೇ ಗಮನಿಸಿ. ಎಷ್ಟು ಉದ್ದದ ತೋಟಾಕ್ಕೆ ಮಾಡಿದ್ದೆಂದು ನಳಿಗೆಯ ಮೇಲೆ ಬರೆದಿರಬೇಕು: ಎರಡೂವರೆ ಇಂಚಿನ 65 ಮಿ.ಮೀ., ಎರಡೂಮುಕ್ಕಾಲು ಇಂಚಿನ 70 ಮಿ.ಮೀ., ಅಥವಾ ಮೂರು ಇಂಚಿನ 76 ಮಿ.ಮೀ. ಈ ಅಳತೆ ಹಾರಿದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ್ದು. ಹಾಗಾಗಿ ಉದ್ದದ ತೋಟಾ ಗಿಡ್ಡ ಚೇಂಬರಿನಲ್ಲೂ ಸುಮ್ಮನೆ ಕೂತುಬಿಡುತ್ತದೆ. ಹಾರುವಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಅಪಾಯಕ್ಕೇರುತ್ತದೆ. ಇದು ಕೋವಿಯ ದೋಷವಲ್ಲ, ಆದರೂ ಕೈಬೆರಳು ಹೋಗುವುದು ಒಂದೇ.

ಸೇಫ್ಟಿಯನ್ನೂ ಪರೀಕ್ಷಿಸಿ, ಪೂರ್ತಿ ನಂಬಬೇಡಿ. ಅನೇಕ ಜೋಡು ನಳಿಗೆ ಕೋವಿಗಳಲ್ಲಿ ಅದು ಟ್ರಿಗರನ್ನು ಮಾತ್ರ ಹಿಡಿಯುತ್ತದೆ, ಈಡು ಸಿಡಿಸಲು ಬಡಿಯುವ ಒಳಗಿನ ಕುದುರೆಯನ್ನಲ್ಲ. ಕೆಳಗೆ ಬಿದ್ದರೆ ಈಡು ಹಾರಬಹುದು.

ಇಷ್ಟೆಲ್ಲ ನೋಡಿಯೂ ದೋಷ ಬಂದರೆ? ನಮ್ಮ ಕಾನೂನು ಅಮೆರಿಕದ್ದಕ್ಕಿಂತ ಗಟ್ಟಿಯಾಗಿದೆ ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಗೆ ಚರ ಸೊತ್ತೆಲ್ಲವೂ ಸರಕೇ. ಕೋವಿಗೆ ಅದರಲ್ಲಿ ರಿಯಾಯಿತಿಯಿಲ್ಲ. ಅಪಾಯಕಾರಿ ಸರಕನ್ನು ವಾಪಸು ತರಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರವಿದೆ. ದೋಷದಿಂದ ಗಾಯವಾದರೆ ತಯಾರಕರನ್ನೂ ಮಾರಾಟಗಾರರನ್ನೂ ಹೊಣೆ ಮಾಡುವ ಅಧ್ಯಾಯವೇ ಅದರಲ್ಲಿದೆ. ಕಾರ್ಖಾನೆ ಕಾನ್ಪುರದಲ್ಲಿದ್ದರೂ ಮಡಿಕೇರಿಯವರು ತಮ್ಮ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹೋಗಬೇಕು. ಅದಕ್ಕೂ ಮುಂಚೆ 1915 ಸಂಖ್ಯೆಯ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ಅಂಗಡಿಯವರೊಂದಿಗೆ ಬಾಯಿಮಾತಿನಲ್ಲಿ ಮುಗಿಸಬೇಡಿ, ಬರೆದು ಕೊಡಿ. ರಸೀದಿ, ಕೋವಿಯ ನಂಬರು, ಬಳಸಿದ ತೋಟಾದ ಡಬ್ಬ ಎಲ್ಲ ಒಂದೆಡೆ ಇರಲಿ. ಮನೆಯಲ್ಲಿ ಅರ ಹಿಡಿದು ಉಜ್ಜಲು ಹೋಗಬೇಡಿ, ಗುರುತಿನ ಮೇಸ್ತ್ರಿಯ ಕೈಗೂ ಕೊಡಬೇಡಿ; ಆಮೇಲೆ ದೋಷ ನಿಮ್ಮದೇ ಎನ್ನುತ್ತಾರೆ. ಆಯೋಗವು ಸರಕನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳಿಸಬಲ್ಲದು. ಅಲ್ಲಿಯವರೆಗೆ, ಸಿಕ್ಕಿಕೊಂಡು ಕಷ್ಟದಿಂದ ಹೊರಬಂದ ಖಾಲಿ ತೋಟಾಗಳನ್ನು ಎಸೆಯದೆ, ತಾರೀಖು ಬರೆದ ಲಕೋಟೆಯಲ್ಲಿ ಹಾಕಿಡಿ. ಚೇಂಬರಿನ ಗೀರುಗಳು ಅವುಗಳ ಮೈಮೇಲೆ ಹಾಗೆಯೇ ಅಚ್ಚೊತ್ತಿರುತ್ತವೆ.