ಸವೆದ ಭುಜಕ್ಕೆ ಹೊಲಿಗೆ



ಯಾದಗಿರಿ ಸೀಮೆಯ ಕೊಂಕಲ್‌ನಂಥ ಊರಿನಲ್ಲಿ ಹತ್ತಿ ಬಿಡಿಸಿ, ಹೊರೆ ಹೊತ್ತು ಅರವತ್ತು ದಾಟಿದ ಅಜ್ಜಿಗೆ ತಲೆ ಬಾಚಲು ಕೈ ಏಳುವುದಿಲ್ಲ ಎನ್ನಿ. ‘ವಾಯು’ ಎಂದು ಎಣ್ಣೆ ತಿಕ್ಕುತ್ತೇವೆ. ಎಷ್ಟೋ ವೇಳೆ ಒಳಗೆ ಸ್ನಾಯುರಜ್ಜು ಹರಿದಿರುತ್ತದೆ.

ತೋಳಿನ ಮೂಳೆಯ ಗುಂಡನ್ನು ಭುಜದ ಗುಳಿಯಲ್ಲಿ ಹಿಡಿದಿಡುವವು ನಾಲ್ಕು ಸ್ನಾಯುಗಳ ರಜ್ಜುಗಳು. ಹರಿದ ರಜ್ಜುವನ್ನು ಹೊಲಿದ ಶಸ್ತ್ರಕ್ರಿಯೆಯನ್ನು ಅಮೆರಿಕದ ಬಾಸ್ಟನ್ನಿನ ವೈದ್ಯ ಕಾಡ್‌ಮನ್ 1911ರಲ್ಲಿ ಪ್ರಕಟಿಸಿದರು. ಇಂದು ಮೂಳೆಯಲ್ಲಿ ಆ್ಯಂಕರ್ ಎಂಬ ಪುಟ್ಟ ಗೂಟ ನೆಟ್ಟು, ಅದರ ದಾರದಿಂದ ರಜ್ಜುವನ್ನು ಬಿಗಿಯುತ್ತಾರೆ.

ತೊಡಕಿರುವುದು ಮುಪ್ಪಿನಲ್ಲಿ. ಮೂಳೆ ಟೊಳ್ಳಾಗಿದ್ದರೆ, ಸಡಿಲ ಮಣ್ಣಿನ ಗೂಟವನ್ನು ಎತ್ತು ಕಿತ್ತಂತೆ ಆ್ಯಂಕರ್ ಕಿತ್ತುಬರಬಹುದು. ರಜ್ಜು ಜೀರ್ಣವಾಗಿದ್ದರೆ, ಹಳೆಯ ಕೌದಿಯನ್ನು ಹರಿಯುವಂತೆ ಹೊಲಿಗೆಯೇ ಅದನ್ನು ಹರಿದೀತು. ಆದ್ದರಿಂದ ವೈದ್ಯರು ಗಟ್ಟಿ ಮೂಳೆ ಇರುವಲ್ಲಿ ಆ್ಯಂಕರ್ ಕೂರಿಸುತ್ತಾರೆ; ಮೂಳೆಗೇ ರಂಧ್ರ ಕೊರೆದು ದಾರ ಪೋಣಿಸುವುದೂ ಉಂಟು. ಎಳೆತವನ್ನು ಹಲವು ದಾರಗಳಿಗೆ ಹಂಚುತ್ತಾರೆ.

ಹೊಲಿಗೆ ಹಿಡಿದಿಡುತ್ತದೆ, ಅಷ್ಟೆ, ಬೆಸೆಯುವುದು ದೇಹ. ಅದಕ್ಕೆ ತಿಂಗಳುಗಳೇ ಬೇಕು. ಸುಮಾರು 4ರಿಂದ 6 ವಾರ ಕೈಯನ್ನು ಕೊರಳಪಟ್ಟಿಯಲ್ಲಿ ಇರಿಸಿ, ಆಮೇಲೆ ಹಂತಹಂತವಾಗಿ ವ್ಯಾಯಾಮ. ಬೀಡಿ, ಹತೋಟಿಯಿಲ್ಲದ ಸಕ್ಕರೆ ಕಾಯಿಲೆ ಈ ಬೆಸುಗೆಗೆ ಅಡ್ಡಿ.

ಎಲ್ಲ ಭುಜನೋವಿಗೂ ಶಸ್ತ್ರಕ್ರಿಯೆ ಬೇಡ. ಅನೇಕರಿಗೆ ವ್ಯಾಯಾಮವೇ ಸಾಕು. ಆದರೆ ಬಿದ್ದ ಮೇಲೆ ಕೈ ಏಳದಿದ್ದರೆ ಕಾಯಬಾರದು. ತಡವಾದಷ್ಟೂ ರಜ್ಜು ಹಿಂದೆ ಸರಿಯುತ್ತದೆ, ಸ್ನಾಯುವಿನಲ್ಲಿ ಕೊಬ್ಬು ತುಂಬುತ್ತದೆ. ಆಗ ಹೊಲಿಗೆ ನಿಲ್ಲುವುದು ಕಷ್ಟ. ನಿಮ್ಮ ಮನೆಯ ಹಿರಿಯರ ಕೈ ಏಳದಿದ್ದರೆ, ಎಣ್ಣೆಯ ಬಟ್ಟಲು ಬದಿಗಿಟ್ಟು ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.