ಯುದ್ಧ ಕಾಣದ ಕೋಟೆ

ಇಟಲಿಯ ಉತ್ತರದಲ್ಲಿ, ಆಲ್ಪ್ಸ್ ಪರ್ವತಗಳ ತಪ್ಪಲು ಮುಗಿದು ಪೋ ನದಿಯ ಬಯಲು ತೊಡಗುವೆಡೆಯಲ್ಲಿ ಬೆರ್ಗಮೊ ಎಂಬ ನಗರವಿದೆ. ಹೆಸರು ಒಂದಾದರೂ ಅಲ್ಲಿರುವುದು ಎರಡು ಊರು. ರೈಲು ನಿಲ್ದಾಣ, ಕಚೇರಿ, ಅಂಗಡಿಬೀದಿಗಳೆಲ್ಲ ಬಯಲಿನ ಊರಿನವು. ಗುಡ್ಡದ ನೆತ್ತಿಯ ಮೇಲೆ, ಕೋಟೆಯೊಳಗೆ, ಹಳೆಯ ಊರು. ಅದನ್ನು ಅಲ್ಲಿಯವರು 'ಚಿತ್ತಾ ಆಲ್ತಾ', ಎಂದರೆ ಮೇಲಿನ ಊರು, ಎಂದು ಕರೆಯುತ್ತಾರೆ. ಗುಡ್ಡವೇರುವುದಕ್ಕೆ ಉಕ್ಕಿನ ಹಗ್ಗದಿಂದ ಎಳೆಯುವ ಪುಟ್ಟ ರೈಲೊಂದುಂಟು. ಅದನ್ನು ಹಾಕಿದ್ದು 1887ರಲ್ಲಿ. ನಾನು ಮಾತ್ರ ಸಾನ್ ಜಾಕೊಮೊ ಹೆಬ್ಬಾಗಿಲಿನ ಏರುದಾರಿಯಲ್ಲಿ ನಡೆದೇ ಹೋದೆ. ಕೋಟೆಯನ್ನು ಅದರ ಶತ್ರು ಕಾಣುವಂತೆ ಕೆಳಗಿನಿಂದಲೇ ಕಾಣಬೇಕೆಂಬುದು ನನ್ನ ಆಸೆಯಾಗಿತ್ತು.

ವಿಚಿತ್ರವೆಂದರೆ, ಹಾಗೆ ಕಾಣಲು ಯಾವ ಶತ್ರುವೂ ಬರಲಿಲ್ಲ. 1428ರಲ್ಲಿ ಬೆರ್ಗಮೊ ವೆನಿಸ್ ಗಣರಾಜ್ಯದ ವಶವಾಯಿತು. ಅದು ವೆನಿಸ್ಸಿಗೆ ಪಶ್ಚಿಮದ ಗಡಿ. ಆಚೆಗಿದ್ದ ಮಿಲಾನ್ ಮುಂದೆ ಸ್ಪೇನಿನ ಅರಸರ ಕೈಸೇರಿತು. ಫಿರಂಗಿಗಳ ಕಾಲ ಬಂದಿತ್ತು. ಹಳೆಯ ಗೋಡೆ ಸಾಲದೆಂದು 1561ರಲ್ಲಿ ಹೊಸ ಕೋಟೆಯ ಕೆಲಸ ಆರಂಭವಾಯಿತು. ಸುಮಾರು 6 ಕಿಲೋಮೀಟರು ಸುತ್ತಳತೆ, ನಾಲ್ಕು ಹೆಬ್ಬಾಗಿಲು, ಗುಡ್ಡದಿಂದ ಹೊರಚಾಚಿದ ಕೊತ್ತಲಗಳು. ಇದಕ್ಕೆ ಜಾಗ ಬೇಕಲ್ಲ? ಎಷ್ಟೋ ಮನೆಗಳನ್ನು ಕೆಡವಿದರು. ಊರಿನ ರಕ್ಷಕನೆಂದು ಜನ ನಂಬಿದ್ದ ಸಂತ ಅಲೆಸ್ಸಾಂದ್ರೊನ ಪ್ರಾಚೀನ ದೇವಾಲಯವನ್ನೂ ಉಳಿಸಲಿಲ್ಲ. ಊರನ್ನು ಕಾಯುವುದಕ್ಕಾಗಿ ಊರಿನ ಕಾವಲಿನ ಸಂತನ ಮನೆಯನ್ನೇ ತೆಗೆದಂತಾಯಿತು! ಈಗ ಒಂದು ಹೆಬ್ಬಾಗಿಲಿಗೆ ಅವನ ಹೆಸರಿದೆ. 1797ರಲ್ಲಿ ವೆನಿಸ್ಸಿನ ಆಳ್ವಿಕೆ ಅಳಿಯಿತು; ಅಷ್ಟು ಕಾಲದಲ್ಲಿ ಈ ಗೋಡೆ ಒಂದು ಮುತ್ತಿಗೆಯನ್ನೂ ಎದುರಿಸಿರಲಿಲ್ಲ. 2017ರಲ್ಲಿ ಯುನೆಸ್ಕೊ ಸಂಸ್ಥೆ ಇದನ್ನು, ವೆನಿಸ್ಸಿನವರು ಕಟ್ಟಿಸಿದ ಇತರ ಐದು ಕೋಟೆಗಳೊಡನೆ, ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾನು ಕಂಡಾಗ ಕೊತ್ತಲಗಳ ಮೇಲಿನ ಮರಗಳ ಸಾಲಿನಲ್ಲಿ ಮುದುಕರು ಸಂಜೆಯ ತಿರುಗಾಟಕ್ಕೆ ಬಂದಿದ್ದರು. ಮಕ್ಕಳು ಗೋಡೆಯಂಚಿಗೆ ಒರಗಿ ಬಯಲನ್ನು ನೋಡುತ್ತಿದ್ದರು.

ಒಳಗಿನ ಓಣಿಗಳು ಇಕ್ಕಟ್ಟು. ಅವುಗಳಲ್ಲಿ ಸಾಗಿ 'ಪಿಯಾತ್ಸಾ ವೆಕ್ಕಿಯಾ', ಅಂದರೆ ಹಳೆಯ ಚೌಕ, ಸೇರಿದೊಡನೆ ಆಕಾಶ ತೆರೆದುಕೊಳ್ಳುತ್ತದೆ. ಎದುರಿಗೆ ನ್ಯಾಯ ಹೇಳುತ್ತಿದ್ದ ಪುರಭವನ ಕಮಾನುಗಳ ಮೇಲೆ ನಿಂತಿದೆ. ಕಮಾನಿನಡಿ ದಾಟಿದರೆ 1137ರಲ್ಲಿ ಆರಂಭಿಸಿದ ಸಾಂತಾ ಮರಿಯಾ ಮಜ್ಜೊರೆ ಇಗರ್ಜಿ. ಅದರ ಮಗ್ಗುಲಿಗೆ ದಂಡನಾಯಕ ಬಾರ್ತೊಲೊಮೆಯೊ ಕೊಲ್ಲೆಯೋನಿ ತನ್ನ ಸಮಾಧಿಗೆಂದು ಕಟ್ಟಿಸಿದ ಅಮೃತಶಿಲೆಯ ಮಂದಿರ. ಅದಕ್ಕಾಗಿ ಇಗರ್ಜಿಯ ಒಂದು ಭಾಗವನ್ನೇ ಒಡೆಸಿದನಂತೆ. ಅದರ ಬೆಡಗಿಗಿಂತ ನನ್ನ ಮನಸ್ಸನ್ನು ಹಿಡಿದದ್ದು ಇಗರ್ಜಿಯ ಬಾಗಿಲ ಪಕ್ಕದ ಗೋಡೆಯಲ್ಲಿರುವ ಅಳತೆಯ ಗುರುತುಗಳು. ವ್ಯಾಪಾರಿಯ ಅಳತೆಗೋಲು ಸರಿಯೋ ತಪ್ಪೋ ಎಂದು ಯಾರು ಬೇಕಾದರೂ ಬಂದು ಹೋಲಿಸಬಹುದಾಗಿತ್ತು. ಬಡವನಿಗೆ ಕೋಟೆಗಿಂತ ಇದೇ ಹತ್ತಿರದ ರಕ್ಷಣೆಯಾಗಿದ್ದಿರಬೇಕು.

ಈ ಇಗರ್ಜಿಯ ಒಳಗೆ ಎರಡು ಸಮಾಧಿಗಳಿವೆ. ಒಂದು ಗುರುವಿನದು, ಇನ್ನೊಂದು ಶಿಷ್ಯನದು. ವೆನಿಸ್ಸಿನ ಆಳ್ವಿಕೆ ಅಳಿದ ಅದೇ 1797ರಲ್ಲಿ, ಕೋಟೆಯ ಹೊರಗಿನ ಬೋರ್ಗೊ ಕನಾಲೆ ಎಂಬ ಕೇರಿಯಲ್ಲಿ, ಬೆಳಕು ಸುಳಿಯದ ನೆಲಮಾಳಿಗೆಯೊಂದರಲ್ಲಿ ಗಾಯೆತಾನೊ ದೊನಿತ್ಸೆತ್ತಿ ಹುಟ್ಟಿದ. ಮನೆಯಲ್ಲಿ ಬಡತನ, ಸಂಗೀತದ ಪರಂಪರೆಯೂ ಇರಲಿಲ್ಲ. ಆ ವೇಳೆಗೆ ಇಗರ್ಜಿಯ ಸಂಗೀತದ ಹೊಣೆ ಹೊತ್ತಿದ್ದವರು ಬವೇರಿಯಾದಿಂದ ಬಂದು ನೆಲೆಸಿದ್ದ ಸಿಮೋನ್ ಮಾಯರ್. ಹಾಡುಗಾರರ ಮೇಳಕ್ಕೆ ಹುಡುಗರು ಬೇಕಾಗಿದ್ದರು. ಅವರನ್ನು ತಯಾರುಮಾಡಲು ಮಾಯರ್ ಧರ್ಮಾರ್ಥವಾದ ಸಂಗೀತ ಶಾಲೆ ತೆರೆದರು. 1806ರಲ್ಲಿ ದೊನಿತ್ಸೆತ್ತಿ ಅಲ್ಲಿಗೆ ಸೇರಿದ. ಮುಂದೆ ಅವನ ಹೆಚ್ಚಿನ ಓದಿಗೆಂದು ಬೊಲೊನ್ಯಾಕ್ಕೆ ಹೋಗಲು ನೆರವು ಹೊಂದಿಸಿಕೊಟ್ಟವರೂ ಆ ಗುರುವೇ. ಸುಮಾರು 70 ಆಪೆರಾಗಳನ್ನು ರಚಿಸಿ ಯುರೋಪಿನ ರಂಗಭೂಮಿಗಳನ್ನು ಗೆದ್ದ ಶಿಷ್ಯ, ಕೊನೆಗೆ ಬುದ್ಧಿ ಕದಡಿ, ಮಾತು ಮರೆತವನಾಗಿ ಹುಟ್ಟಿದೂರಿಗೆ ಬಂದು 1848ರಲ್ಲಿ ತೀರಿಕೊಂಡ. ಹೊರನಾಡಿನಿಂದ ಬಂದ ಗುರು, ಗೋಡೆಯ ಹೊರಗೆ ಹುಟ್ಟಿದ ಶಿಷ್ಯ: ಇಂದು ಈ ಊರಿನ ಹೆಸರನ್ನು ದೂರ ದೂರಕ್ಕೆ ಕೊಂಡೊಯ್ದಿರುವವರು ಇವರು. ಅಷ್ಟು ದೊಡ್ಡ ಕೋಟೆ ಕಾದುಕೊಂಡದ್ದೇನು, ಆ ಪುಟ್ಟ ಶಾಲೆ ಕಾದುಕೊಂಡದ್ದೇನು ಎಂದು ನಾನು ಸಮಾಧಿಗಳ ಮುಂದೆ ನಿಂತು ಯೋಚಿಸಿದೆ.

ಗೋಡೆ ತಡೆಯಲಾರದ ಶತ್ರು 2020ರಲ್ಲಿ ಬಂತು. ಕೋವಿಡ್ ವ್ಯಾಧಿ ಯುರೋಪಿನಲ್ಲಿ ಮೊದಲು ಕ್ರೂರವಾಗಿ ಎರಗಿದ ಸ್ಥಳಗಳಲ್ಲಿ ಬೆರ್ಗಮೊ ಒಂದು. ಮಾರ್ಚ್ 18ರ ರಾತ್ರಿ ಶವಪೆಟ್ಟಿಗೆಗಳನ್ನು ಹೊತ್ತ ಸೈನ್ಯದ ಲಾರಿಗಳು ಸಾಲಾಗಿ ಊರು ಬಿಟ್ಟು ಹೋದ ಚಿತ್ರವನ್ನು ಲೋಕವೆಲ್ಲ ಕಂಡಿತು. ಊರಿನ ಸ್ಮಶಾನದ ಚಿತಾಗಾರಕ್ಕೆ ಅಷ್ಟು ದೇಹಗಳನ್ನು ದಹಿಸುವ ಶಕ್ತಿಯಿರಲಿಲ್ಲ. ಈಗ ಆ ಬೀದಿಗಳಲ್ಲಿ ನಡೆಯುವವನಿಗೆ ಮೇಲುನೋಟಕ್ಕೆ ಏನೂ ಕಾಣದು. ಆದರೆ ಹೆಗಲು ಕೊಡಲು ಕೂಡ ಬಂಧುಗಳು ಹೋಗಲಾಗದ ಸಾವನ್ನು ಒಂದು ಊರು ಬೇಗ ಮರೆಯುವುದುಂಟೆ?

ಹಳೆಯ ಚೌಕದ ಪಕ್ಕದಲ್ಲಿ 'ಕಂಪನೋನೆ' ಎಂಬ ಗಂಟೆಯ ಗೋಪುರವಿದೆ. ವೆನಿಸ್ಸಿನವರ ಕಾಲದಲ್ಲಿ ರಾತ್ರಿ 10ಕ್ಕೆ ಹೆಬ್ಬಾಗಿಲು ಮುಚ್ಚುವ ಮುನ್ನ ಅದು 100 ಸಲ ಬಾರಿಸುತ್ತಿತ್ತು. ಹೊರಗಿರುವವರು ಬೇಗ ಒಳಗೆ ಬನ್ನಿರೆಂಬ ಕರೆ ಅದು. ಬಾಗಿಲು ಮುಚ್ಚುವ ಪದ್ಧತಿ ಎಂದೋ ನಿಂತುಹೋಯಿತು, ಗಂಟೆ ಮಾತ್ರ ನಿಲ್ಲಲಿಲ್ಲ. ನೂರು ಪೆಟ್ಟುಗಳಿಗೆ ಹಲವು ನಿಮಿಷ ಬೇಕು. ಅಷ್ಟು ಹೊತ್ತೂ ನಾನು ಎಣಿಸುತ್ತ ನಿಂತಿದ್ದೆ. ಆ ದನಿಯಲ್ಲಿ ಭಯವಿಲ್ಲ, ಅಧಿಕಾರವಿಲ್ಲ. ದಾರಿಯಲ್ಲಿ ಉಳಿದವರೆಲ್ಲ ಮನೆ ಸೇರಲೆಂಬ ಹಾರೈಕೆಯಷ್ಟೇ ಇದೆ.