ಹೊಲಿಗೆ ಡಬ್ಬಿಯ ದುಡ್ಡು
(ಊರಿನ ಸಭೆಯಲ್ಲಿ ದರ್ಜಿ ಕಸುಬಿನ ಮಹಿಳೆಯೊಬ್ಬರು ಮಾಡಿದ ಭಾಷಣ)



ನಿಮ್ಮ ಮನೆಯ ಹದಿನಾರು ವರ್ಷದ ಮಗಳೋ ಮಗನೋ “ಅಪ್ಪಾ, ನಾನು ಬಟ್ಟೆ ಹೊಲಿದು ಮಾರುತ್ತೇನೆ” ಎಂದರೆ ನೀವೇನು ಹೇಳುವಿರಿ? “ಮೊದಲು ಓದು” ಎನ್ನುವಿರಿ. ಸರಿಯಾದ ಮಾತೇ. ಆದರೆ ಓದು ಬಿಡದೆ, ಭಾನುವಾರಗಳಲ್ಲಿ, ಬೇಸಿಗೆಯ ರಜೆಯಲ್ಲಿ ಮಾಡಬಹುದಾದ ಕೆಲಸ ಇದು. ನಾನೂ ಹದಿನಾರಕ್ಕೇ ಶುರುಮಾಡಿದವಳು. ಅವ್ವನ ತುಳಿಯುವ ಮಿಷಿನ್ನು ಮನೆಯಲ್ಲಿತ್ತು. ಹೊಸ ಮಿಷಿನ್ನಿಗೆ ಸಾಲ ಮಾಡಬೇಕಾಗಿ ಬಂದಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಮಕ್ಕಳು ಮೊದಲಿಗೇ ರವಿಕೆ ಹೊಲಿಯಲು ಹೋಗುವುದು ಬೇಡ. ರವಿಕೆ ಒಂದು ಬೆರಳು ಹೆಚ್ಚುಕಡಿಮೆಯಾದರೂ ಗಿರಾಕಿ ವಾಪಸು ತರುತ್ತಾರೆ, ಕೆಟ್ಟ ಕಣಕ್ಕೆ ಬೆಲೆ ಕಟ್ಟಿಕೊಡಬೇಕಾಗುತ್ತದೆ. ಸೀರೆಯ ಒಳಲಂಗ ಹಾಗಲ್ಲ. ಎರಡು ಮೂರು ಅಳತೆಯಲ್ಲಿ ಹೊಲಿದಿಟ್ಟರೆ ಸಾಕು, ವರ್ಷವಿಡೀ ಖರ್ಚಾಗುತ್ತದೆ.

ಅದರಲ್ಲೂ ನಾನು ಒಂದು ಪೆಟ್ಟು ತಿಂದೆ. ಅಂಗಡಿಯಿಂದ ತಂದ ಹತ್ತಿಯ ಪಾಪ್ಲಿನ್ ಬಟ್ಟೆಯನ್ನು ತಂದ ಹಾಗೆಯೇ ಕತ್ತರಿಸಿ ಹೊಲಿದು ಮಾರಿದೆ. ಮೊದಲನೆಯ ಒಗೆತಕ್ಕೇ ಲಂಗಗಳು ಕಣಕಾಲಿನಿಂದ ಮೇಲೇರಿದವು. ಕೇರಿಯ ಹೆಂಗಸರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ತಪ್ಪು ನನ್ನದೇ. ಹತ್ತಿ ಬಟ್ಟೆಯನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ನೆನೆಹಾಕಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿದ ಮೇಲೆ ಕತ್ತರಿ ಹಾಕಬೇಕು. ಬಣ್ಣದ ಬಟ್ಟೆಗಳನ್ನು ಬೇರೆ ಬೇರೆಯಾಗಿ ನೆನೆಸಬೇಕು, ಒಂದರ ಬಣ್ಣ ಇನ್ನೊಂದಕ್ಕೆ ಹತ್ತೀತು.

ಇನ್ನು ಲೆಕ್ಕ. ಉದಾಹರಣೆಗೆ ಹೇಳುತ್ತೇನೆ, ನಿಮ್ಮ ಊರಿನ ಬೆಲೆ ಹಾಕಿಕೊಂಡು ನೋಡಿ. ಹತ್ತು ಲಂಗಕ್ಕೆ 20 ಮೀಟರ್ ಬಟ್ಟೆ, ಮೀಟರಿಗೆ 70 ರೂ.ನಂತೆ 1,400 ರೂ. ದಾರ, ಲಾಡಿಗೆ 80. ಪೇಟೆಗೆ ಹೋಗಿ ಬರುವ ಖರ್ಚು 120. ಒಟ್ಟು 1,600. ಲಂಗವೊಂದಕ್ಕೆ 200ರಂತೆ ಮಾರಿದರೆ 2,000 ಬರುತ್ತದೆ, 400 ರೂ. ಉಳಿಯುತ್ತದೆ. ಮಕ್ಕಳು ಬಸ್ಸಿನ ದುಡ್ಡನ್ನು ಮರೆಯುತ್ತಾರೆ, ಅದನ್ನು ಬರೆಯಿಸಿ. ಹತ್ತರಲ್ಲಿ ಮೂರು ಲಂಗ ಕಡ ಹೋಗಿ ದುಡ್ಡು ಬಾರದಿದ್ದರೆ ಕೈಗೆ ಬರುವುದು 1,400. ಹಾಕಿದ್ದು 1,600! ದುಡಿದೂ ಇನ್ನೂರು ನಷ್ಟ. ಹಳ್ಳಿಯಲ್ಲಿ ಕಡ ಕೇಳುವವರು ಹೊರಗಿನವರಲ್ಲ, ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು. ಚಿಕ್ಕ ಹುಡುಗಿ ಅವರಿಗೆ ಇಲ್ಲ ಎನ್ನುವುದು ಹೇಗೆ? ಆ ಮಾತನ್ನು ಮನೆಯ ಹಿರಿಯರಾದ ನೀವೇ ಆಡಬೇಕಾಗುತ್ತದೆ.

ಈಗ ಹೇಳಬೇಕೋ ಬೇಡವೋ ಎಂದುಕೊಂಡಿದ್ದ ಮಾತಿಗೆ ಬರುತ್ತೇನೆ. ಒಂದು ಮುಂಗಾರಿನಲ್ಲಿ ನಮ್ಮಪ್ಪನಿಗೆ ಕಡಲೆಕಾಯಿ ಬಿತ್ತನೆಗೆ ದುಡ್ಡು ಸಾಲಲಿಲ್ಲ. ನನ್ನ ಡಬ್ಬಿಯಲ್ಲಿದ್ದುದನ್ನು ತೆಗೆದುಕೊಂಡರು. ಮಗಳ ದುಡ್ಡಲ್ಲವೇ, ಕೇಳುವುದೇನು ಎಂಬ ಭಾವನೆ. ಮಳೆ ಕೈಕೊಟ್ಟಿತು. ಗೌರಿ ಹಬ್ಬ ಬಂದಾಗ ಊರೆಲ್ಲ ಬಟ್ಟೆ ಕೊಳ್ಳುತ್ತಿದ್ದರೆ ನನ್ನ ಬಳಿ ಒಂದು ಮೀಟರ್ ಬಟ್ಟೆ ತರುವುದಕ್ಕೂ ಕಾಸಿರಲಿಲ್ಲ. ಮಿಷಿನ್ನಿನ ಮೇಲೆ ಗೋಣಿ ಹೊದಿಸಿಟ್ಟೆ. ಅಪ್ಪನನ್ನು ದೂರುತ್ತಿಲ್ಲ, ಮನೆಯ ಕಷ್ಟ ನನಗೂ ಗೊತ್ತಿತ್ತು. ಆದರೆ ಎಂಥ ಬರದಲ್ಲೂ ಬಿತ್ತನೆ ಬೀಜದ ಮೂಟೆ ಬಿಚ್ಚದ ನಮ್ಮಪ್ಪ, ನನ್ನ ಡಬ್ಬಿಯಲ್ಲಿದ್ದುದೂ ಬೀಜವೇ ಎಂದು ತಿಳಿಯಲಿಲ್ಲ. ಮನೆಗೆ ಬೇಕಾದರೆ ಆ ನಾನೂರರಲ್ಲಿ ಕೇಳಿ ಪಡೆಯಿರಿ, ಸಾವಿರದ ಆರುನೂರನ್ನು ಮುಟ್ಟಬೇಡಿ.

ದುಡ್ಡನ್ನು ಡಬ್ಬಿಯಲ್ಲೇ ಇಡಬೇಕೆಂದಿಲ್ಲ. ಹತ್ತು ವರ್ಷ ತುಂಬಿದ ಮಕ್ಕಳು ತಾವೇ ನಡೆಸುವ ಉಳಿತಾಯ ಖಾತೆ ತೆರೆಯಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶವಿದೆ, ಮಿತಿಗಳನ್ನು ಆಯಾ ಬ್ಯಾಂಕು ಗೊತ್ತುಮಾಡುತ್ತದೆ. ಆದರೆ ಅಂಗಡಿಯಿಂದ ಬಟ್ಟೆಯನ್ನು ಸಾಲಕ್ಕೆ ತರುವುದಾಗಲಿ ಕರಾರು ಪತ್ರಕ್ಕೆ ರುಜು ಹಾಕುವುದಾಗಲಿ ಅವರ ಹೆಸರಿನಲ್ಲಿ ಬೇಡ. 1872ರ ಕರಾರು ಕಾಯಿದೆಯಂತೆ 18 ತುಂಬದವರು ಮಾಡಿದ ಕರಾರು ನಿಲ್ಲುವುದಿಲ್ಲ. ನನ್ನನ್ನು ಕೇಳಿದರೆ, ಮೊದಲನೆಯ ವರ್ಷ ನಿಮ್ಮ ಹೆಸರಿನಲ್ಲೂ ಸಾಲ ಬೇಡ.

18 ತುಂಬಿದ ಮೇಲೆ ಕಸುಬು ಚೆನ್ನಾಗಿ ಕಲಿಯುವ ಆಸೆಯಿದ್ದರೆ ದಾರಿಯಿದೆ. 1982ರಲ್ಲಿ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ತರಬೇತಿ ಕೇಂದ್ರಗಳನ್ನು ನಡೆಸುತ್ತಿವೆ. ಅಲ್ಲಿ ಊಟ ವಸತಿಯೊಡನೆ ಹೊಲಿಗೆಯನ್ನು ಉಚಿತವಾಗಿ ಕಲಿಸುತ್ತಾರೆ. ಯಾವಾಗ ಸೇರಿಸಿಕೊಳ್ಳುತ್ತಾರೆಂದು ನಿಮ್ಮ ಬ್ಯಾಂಕಿನಲ್ಲಿ ವಿಚಾರಿಸಿ.

ನನ್ನ ಮೊದಲ ವರ್ಷದ ಲೆಕ್ಕದ ಪುಸ್ತಕವನ್ನು ತಂದಿದ್ದೇನೆ, ಮೇಜಿನ ಮೇಲಿದೆ. ಮಕ್ಕಳನ್ನು ಕರೆದುಕೊಂಡು ಬಂದು ನೋಡಿ. ಅಪ್ಪ ತೆಗೆದುಕೊಂಡ ದುಡ್ಡು ಒಂದು ಪುಟದಲ್ಲಿದೆ. ಮುಂದಿನ ಸುಗ್ಗಿಯಲ್ಲಿ ಅವರು ಅದನ್ನು ಹಿಂದಕ್ಕೆ ಕೊಟ್ಟು, ತಮ್ಮ ಕೈಯಾರೆ ಬರೆದದ್ದು ಅದರ ಕೆಳಗೇ ಇದೆ.